ಪೇಸ್‌ಮೇಕರ್ ಸರಿಯಾಗಿಯೇ ಇತ್ತು, ಮುಖ ಮಾತ್ರ ಊದುತ್ತಿತ್ತು: ಮಲೆನಾಡಿನ ಒಂದು ಪ್ರಕರಣ ಅಧ್ಯಯನ

ಪೇಸ್‌ಮೇಕರ್ ಹಾಕಿದ ಮೇಲೆ ತೊಂದರೆ ಅಂದರೆ ಸಾಮಾನ್ಯವಾಗಿ ನೆನಪಾಗುವುದು ಮೂರು. ಗಾಯ ಕೀವಾಗುವುದು, ತಂತಿ ಜಾಗ ಬಿಟ್ಟು ಸರಿಯುವುದು, ಬ್ಯಾಟರಿ ಮುಗಿಯುವುದು. ಆ ತಂತಿ ಹಾದುಹೋಗುವ ರಕ್ತನಾಳದ ಗತಿ ಏನಾಯಿತು ಅಂತ ಕೇಳುವವರು ಕಡಿಮೆ. ಈ ಪ್ರಕರಣ ಅದರ ಬಗ್ಗೆಯೇ. ಇದು ಅಪರೂಪದ ತೊಂದರೆ, ನಿಜ. ಆದರೆ ಕಾಯಿಲೆ ಅಪರೂಪದ್ದಾಗಿದ್ದರಿಂದ ಮಾತ್ರ ತಡವಾಗಲಿಲ್ಲ. ನೋಡಬೇಕಾದ ಜಾಗವನ್ನು ಯಾರೂ ನೋಡದೆ ಇದ್ದದ್ದರಿಂದ ತಡವಾಯಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ, ಊರಿನ ಕ್ಲಿನಿಕ್‌ಗಳಲ್ಲಿ ಕೆಲಸ ಮಾಡುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ಪೇಸ್‌ಮೇಕರ್ ಹಾಕಿಸಿಕೊಂಡವರು, ಅವರ ಮನೆಯವರು ಓದಿದರೂ ಅರ್ಥವಾಗುವ ಹಾಗೆ ಬರೆಯಲು ನೋಡಿದ್ದೇನೆ. ಕುಟುಂಬದ ಒಪ್ಪಿಗೆ ಇದೆ. ಗುರುತು ಸಿಗಬಾರದೆಂದು ಊರು, ವಯಸ್ಸು ಮತ್ತು ಕೆಲವು ವಿವರಗಳನ್ನು ಬದಲಿಸಿದೆ.

ಹಿನ್ನೆಲೆ

ರೋಗಿ ಐವತ್ತರ ಆಸುಪಾಸಿನ ಹೆಂಗಸು. ತೀರ್ಥಹಳ್ಳಿ ಕಡೆಯ ಒಂದು ಹಳ್ಳಿ. ಸ್ವಲ್ಪ ಅಡಿಕೆ ತೋಟ, ಎರಡು ಹಸು. ನಮ್ಮಲ್ಲಿಗೆ ಬರುವ ಸುಮಾರು ಒಂಬತ್ತು ವರ್ಷ ಮೊದಲು ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಕಣ್ಣು ಕತ್ತಲೆ ಬಂದು ಬಿದ್ದಿದ್ದರು. ಆಸ್ಪತ್ರೆಗೆ ತಂದಾಗ ನಾಡಿ ನಿಮಿಷಕ್ಕೆ 32. ಇ.ಸಿ.ಜಿ.ಯಲ್ಲಿ ಕಂಡದ್ದು ಕಂಪ್ಲೀಟ್ ಹಾರ್ಟ್ ಬ್ಲಾಕ್. ಅಂದರೆ ಹೃದಯದ ಮೇಲಿನ ಕೋಣೆಗಳಲ್ಲಿ ಹುಟ್ಟುವ ವಿದ್ಯುತ್ ಸಂಕೇತ ಕೆಳಗಿನ ಕೋಣೆಗಳಿಗೆ ಹೋಗುತ್ತಲೇ ಇಲ್ಲ. ಜೀವ ಉಳಿಸಲು ಮೊದಲು ಕುತ್ತಿಗೆಯ ರಕ್ತನಾಳದಿಂದ ತಾತ್ಕಾಲಿಕ ತಂತಿ ಇಳಿಸಿದರು. ಎರಡು ದಿನ ಬಿಟ್ಟು ಎಡ ಎದೆಯ ಮೇಲ್ಭಾಗದಲ್ಲಿ ಎರಡು ಲೀಡ್‌ಗಳ ಪೇಸ್‌ಮೇಕರ್ ಕೂರಿಸಿದರು. ಲೀಡ್ ಅಂದರೆ ಯಂತ್ರದಿಂದ ಹೃದಯದ ಒಳಗೋಡೆಗೆ ಹೋಗುವ ತಂತಿ.

ಅಲ್ಲಿಂದ ಎಂಟು ವರ್ಷ ಏನೂ ತೊಂದರೆ ಇರಲಿಲ್ಲ. ತೋಟದ ಕೆಲಸ, ಹಾಲು ಕರೆಯುವುದು, ಮದುವೆ ಮುಂಜಿಯ ಓಡಾಟ ಎಲ್ಲ ನಡೆದಿತ್ತು. ಒಂಬತ್ತನೇ ವರ್ಷ ಮತ್ತೆ ತಲೆಸುತ್ತು ಬಂತು. ತಪಾಸಣೆ ಮಾಡಿದಾಗ ಕೆಳಗಿನ ಕೋಣೆಗೆ ಹೋಗುವ ಲೀಡ್ ಮುರಿದಿತ್ತು. ಕಾಲರ್ ಮೂಳೆ ಮತ್ತು ಮೊದಲ ಪಕ್ಕೆಲುಬಿನ ನಡುವೆ ಸಿಕ್ಕಿಕೊಂಡ ತಂತಿ ವರ್ಷಗಟ್ಟಲೆ ಒತ್ತಡಕ್ಕೆ ಸವೆದು ಮುರಿಯುವುದು ಗೊತ್ತಿರುವ ವಿಷಯವೇ. ಬ್ಯಾಟರಿಯೂ ಮುಗಿಯುವ ಹಂತದಲ್ಲಿತ್ತು. ಹೊಸ ಯಂತ್ರ ಹಾಕಿದರು, ಹೊಸ ಲೀಡ್ ಇಳಿಸಿದರು. ಮುರಿದ ಹಳೆಯ ಲೀಡ್ ತೆಗೆಯಲಿಲ್ಲ. ಅದರ ತುದಿಗೆ ಮುಚ್ಚಳ ಹಾಕಿ ಒಳಗೇ ಬಿಟ್ಟರು.

ಇದು ತಪ್ಪಾದ ನಿರ್ಧಾರ ಅಂತ ನಾನು ಹೇಳುತ್ತಿಲ್ಲ. ವರ್ಷಗಟ್ಟಲೆ ಒಳಗಿದ್ದ ಲೀಡ್ ರಕ್ತನಾಳದ ಗೋಡೆಗೆ, ಹೃದಯದ ಮಾಂಸಖಂಡಕ್ಕೆ ಅಂಟಿಕೊಂಡಿರುತ್ತದೆ. ಎಳೆದು ತೆಗೆಯುವಾಗ ನಾಳ ಹರಿಯಬಹುದು. ಅದಕ್ಕೆ ಬೇರೆಯೇ ಸಲಕರಣೆ ಬೇಕು, ಪಕ್ಕದಲ್ಲಿ ಹೃದಯ ಶಸ್ತ್ರಚಿಕಿತ್ಸೆಯ ತಂಡ ಸಿದ್ಧವಾಗಿರಬೇಕು. ಸೋಂಕು ಇಲ್ಲದಿದ್ದರೆ ಬಿಟ್ಟುಬಿಡುವವರೇ ಜಾಸ್ತಿ. ಆದರೆ ಈಗ ಒಂದೇ ದಾರಿಯಲ್ಲಿ ಮೂರು ತಂತಿಗಳಾದವು ಅನ್ನುವುದನ್ನು ನೆನಪಿಡಿ. ಮನೆಯವರಿಗೆ ಅದು ಗೊತ್ತೇ ಇರಲಿಲ್ಲ. ಅವರ ಪೇಸ್‌ಮೇಕರ್ ಕಾರ್ಡಿನಲ್ಲೂ ಕೆಲಸ ಮಾಡುವ ಎರಡು ಲೀಡ್‌ಗಳ ವಿವರವಷ್ಟೇ ಇತ್ತು.

ಸಮಸ್ಯೆ ಕಾಣಿಸಿಕೊಂಡ ಬಗೆ

ಎರಡನೇ ಸಲ ಆಪರೇಷನ್ ಆಗಿ ಐದು ತಿಂಗಳಿಗೆ ದೀಪಾವಳಿ ಬಂತು. ಮೊದಲು ವ್ಯತ್ಯಾಸ ಕಂಡುಹಿಡಿದವರು ಬಳೆಗಾರರು. ಬಲಗೈಗೆ ಎರಡು-ನಾಲ್ಕರ ಬಳೆ ಸಲೀಸಾಗಿ ಏರಿತು. ಎಡಗೈಗೆ ಎರಡು-ಆರು ಬೇಕಾಯಿತು, ಅದೂ ಸೋಪು ಹಚ್ಚಿ. ‘ಕೈ ಏನಾದ್ರೂ ಉಳುಕಿದ್ಯಾ ಅಮ್ಮ?’ ಅಂತ ಅವರು ಕೇಳಿದ್ದರಂತೆ. ಈ ಮಾತು ನಮಗೆ ಗೊತ್ತಾದದ್ದು ಎಷ್ಟೋ ಸಮಯದ ನಂತರ, ಮಗಳು ಸುಮ್ನೆ ನೆನಪಿಸಿಕೊಂಡಾಗ. ಆದರೆ ಇಡೀ ಕೇಸಿನಲ್ಲಿ ಎರಡು ಕೈಗಳನ್ನು ಹೋಲಿಸಿ ನೋಡಿದ ಮೊದಲ ಮನುಷ್ಯ ಅವರೇ.

ಅದು ಅಡಿಕೆ ಸುಲಿಯುವ ಕಾಲ. ಮೆಟ್ಟುಕತ್ತಿ ಮುಂದೆ ಗಂಟೆಗಟ್ಟಲೆ ಕೂತರೆ ಕೈ ಊದುವುದು ಸಹಜ ಅಂತ ಎಲ್ಲರೂ ಅಂದುಕೊಂಡರು. ಪೇಟೆಯ ಕ್ಲಿನಿಕ್‌ನಲ್ಲಿ ನೋವಿನ ಮಾತ್ರೆ, ಹಚ್ಚಲು ಮುಲಾಮು ಕೊಟ್ಟರು. ಮನೆಯಲ್ಲಿ ಎಣ್ಣೆ ಹಚ್ಚಿ ತಿಕ್ಕಿದರು. ಸ್ವಲ್ಪ ಇಳಿದ ಹಾಗೆ ಆಯಿತು, ಮತ್ತೆ ಊದಿತು.

ಡಿಸೆಂಬರ್ ಹೊತ್ತಿಗೆ ಮುಖ ಊದತೊಡಗಿತು. ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಜಾಸ್ತಿ, ಮಧ್ಯಾಹ್ನದ ಹೊತ್ತಿಗೆ ಕಡಿಮೆ. ಬಗ್ಗಿದರೆ ತಲೆ ಭಾರ, ಕಿವಿಯಲ್ಲಿ ಗುಂಯ್ ಅನ್ನುವ ಸದ್ದು. ಒಂದು ದಿಂಬು ಸಾಲದೆ ಎರಡು ಇಟ್ಟುಕೊಂಡು ಮಲಗತೊಡಗಿದರು. ‘ಅಮ್ಮ ಎದ್ದಾಗ ಮುಖ ಬೇರೆ ಯಾರದೋ ಥರ ಇರುತ್ತೆ ಡಾಕ್ಟ್ರೇ’ ಅಂತ ಮಗಳು ಹೇಳಿದ್ದು ನನಗೆ ಈಗಲೂ ನೆನಪಿದೆ.

ಏನೇನು ಮಾಡಿ ನೋಡಿದರು

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಏಕೆಂದರೆ ಪ್ರತಿಯೊಂದು ಹೆಜ್ಜೆಯೂ ಆ ಕ್ಷಣಕ್ಕೆ ಸರಿ ಅನ್ನಿಸುವಂಥದ್ದೇ.

ಮೊದಲು ಪೇಸ್‌ಮೇಕರ್ ತಪಾಸಣೆ. ಯಂತ್ರದ ಮೇಲೆ ಪ್ರೋಗ್ರಾಮರ್ ಅನ್ನುವ ತಪಾಸಣೆ ಸಲಕರಣೆಯ ತುದಿ ಇಟ್ಟು ಬ್ಯಾಟರಿ ಎಷ್ಟಿದೆ, ಲೀಡ್‌ನ ವಿದ್ಯುತ್ ಪ್ರತಿರೋಧ ಎಷ್ಟು, ಹೃದಯದ ಮಿಡಿತ ಯಂತ್ರಕ್ಕೆ ಸರಿಯಾಗಿ ಕೇಳಿಸುತ್ತಿದೆಯೇ, ಎಷ್ಟು ಕರೆಂಟು ಕೊಟ್ಟರೆ ಹೃದಯ ಬಡಿಯುತ್ತದೆ ಎಂದು ನೋಡುತ್ತಾರೆ. ನಾಲ್ಕೂ ಸರಿ ಇತ್ತು. ‘ಪೇಸ್‌ಮೇಕರ್ ಫಸ್ಟ್ ಕ್ಲಾಸ್ ಇದೆ’ ಅಂತ ಹೇಳಿ ಕಳಿಸಿದರು. ಆ ಮಾತು ಮುಂದೆ ಬಹಳ ಕಾಲ ಎಲ್ಲರ ತಲೆಯಲ್ಲಿ ಕೂತುಬಿಟ್ಟಿತು. ಪೇಸ್‌ಮೇಕರ್‌ನದ್ದು ಏನೂ ಅಲ್ಲ ಅಂತ ಒಮ್ಮೆ ಬರೆದ ಮೇಲೆ ಮುಂದಿನ ವೈದ್ಯರು ಬೇರೆ ಕಡೆ ಹುಡುಕಲು ಹೋಗುತ್ತಾರೆ. ಆದರೆ ಆ ತಪಾಸಣೆ ನೋಡುವುದು ವಿದ್ಯುತ್ತನ್ನು ಮಾತ್ರ. ತಂತಿಯ ಸುತ್ತ ರಕ್ತ ಹರಿಯುತ್ತಿದೆಯೋ ಇಲ್ಲವೋ ಅನ್ನುವುದು ಆ ಯಂತ್ರಕ್ಕೆ ಗೊತ್ತಾಗುವುದೇ ಇಲ್ಲ.

ನಂತರ ಮುಖದ ಊತಕ್ಕೆ ಥೈರಾಯ್ಡ್, ಮೂತ್ರ, ಕಿಡ್ನಿ ಸರಿ ಇದೆಯೇ ಅಂತ ನೋಡುವ ಕ್ರಿಯಾಟಿನಿನ್ ಪರೀಕ್ಷೆ. ಎಲ್ಲ ಸರಿ. ಎಕೋದಲ್ಲಿ ಹೃದಯದ ಪಂಪಿಂಗ್ ಚೆನ್ನಾಗಿತ್ತು. ಬಗ್ಗಿದಾಗ ತಲೆಭಾರ ಅಂದದ್ದಕ್ಕೆ ಸೈನಸ್ ಎಂದು ಆ್ಯಂಟಿಬಯೋಟಿಕ್ ಕೊಟ್ಟರು. ಇನ್ನೊಂದು ಕಡೆ ನೀರು ಹೋಗುವ ಮಾತ್ರೆ ಬರೆದರು. ಅದರಿಂದ ಮೂತ್ರ ಜಾಸ್ತಿ ಆಯಿತು, ಸುಸ್ತಾಯಿತು, ಎದ್ದು ನಿಂತರೆ ತಲೆಸುತ್ತು ಬಂತು. ಮೊದಲೇ ಹಾರ್ಟ್ ಬ್ಲಾಕ್ ಇರುವವರು ತಲೆಸುತ್ತು ಅಂದರೆ ಮನೆಯವರಿಗೆ ಗಾಬರಿ ಆಗದೆ ಇರುತ್ತದೆಯೇ? ಮತ್ತೆ ಪೇಸ್‌ಮೇಕರ್ ತಪಾಸಣೆ. ಮತ್ತೆ ಎಲ್ಲ ಸರಿ.

ಹೃದಯ ಅಥವಾ ಕಿಡ್ನಿ ತೊಂದರೆಯಿಂದ ನೀರು ತುಂಬಿದರೆ ಬೇಗನೆ ಇಲ್ಲವೇ ತಡವಾಗಿ ಕಾಲೂ ಊದುತ್ತದೆ. ಇವರ ಪಾದದ ಮೇಲೆ ಬೆರಳಿಟ್ಟು ಒತ್ತಿದರೆ ಗುಳಿ ಬೀಳುತ್ತಿರಲಿಲ್ಲ. ಊತ ಇದ್ದದ್ದು ಎದೆಯಿಂದ ಮೇಲಕ್ಕೆ ಮಾತ್ರ. ಯಾವ ಚೀಟಿಯಲ್ಲೂ ‘ಕಾಲು ಊದಿಲ್ಲ’ ಅಂತ ಬರೆದಿರಲಿಲ್ಲ. ಇಲ್ಲದ ಲಕ್ಷಣವನ್ನು ಬರೆದಿಡುವ ಅಭ್ಯಾಸ ನಮ್ಮಲ್ಲಿ ಕಡಿಮೆ.

ಜನವರಿಯಲ್ಲಿ ಒಬ್ಬ ವೈದ್ಯರಿಗೆ ಕೈಯ ರಕ್ತನಾಳದಲ್ಲಿ ಹೆಪ್ಪು ಇರಬಹುದು ಅನ್ನಿಸಿ ಎಡಗೈಗೆ ಡಾಪ್ಲರ್, ಅಂದರೆ ರಕ್ತದ ಹರಿವು ತೋರಿಸುವ ಸ್ಕ್ಯಾನ್ ಮಾಡಿಸಿದರು. ಸರಿಯಾದ ದಿಕ್ಕಿನ ಮೊದಲ ಹೆಜ್ಜೆ ಅದು. ವರದಿ ಬಂತು: ತೋಳಿನ ರಕ್ತನಾಳಗಳಲ್ಲಿ ಹೆಪ್ಪು ಇಲ್ಲ. ಅಲ್ಲಿಗೆ ಆ ಯೋಚನೆಯೂ ನಿಂತಿತು. ಕಾಲರ್ ಮೂಳೆಯ ಹಿಂದೆ, ಎದೆಗೂಡಿನ ಒಳಗೆ ಇರುವ ದೊಡ್ಡ ರಕ್ತನಾಳಗಳು ಡಾಪ್ಲರ್‌ಗೆ ನೇರವಾಗಿ ಕಾಣುವುದಿಲ್ಲ. ಅಲ್ಲಿ ಮೂಳೆ, ಶ್ವಾಸಕೋಶ ಅಡ್ಡ ಬರುತ್ತವೆ. ಆದರೆ ಪರೋಕ್ಷ ಸುಳಿವು ಸಿಗುತ್ತದೆ. ಹೃದಯದ ಹತ್ತಿರ ದಾರಿ ತೆರೆದಿದ್ದರೆ ಉಸಿರಾಟಕ್ಕೆ, ಹೃದಯದ ಬಡಿತಕ್ಕೆ ತಕ್ಕಂತೆ ಹರಿವಿನ ಅಲೆ ಏರಿಳಿಯುತ್ತದೆ. ಮುಂದೆ ಅಡ್ಡಿ ಇದ್ದರೆ ಅಲೆ ಸಪಾಟಾಗುತ್ತದೆ. ಆಮೇಲೆ ಆ ಹಳೆಯ ಚಿತ್ರಗಳನ್ನು ತೆಗೆದು ನೋಡಿದಾಗ ಎಡಗಡೆಯ ಅಲೆ ಸಪಾಟಾಗಿಯೇ ಇತ್ತು. ವರದಿಯಲ್ಲಿ ಅದರ ಮಾತಿರಲಿಲ್ಲ. ಕೇಳಿದ ಪ್ರಶ್ನೆ ‘ತೋಳಿನಲ್ಲಿ ಹೆಪ್ಪು ಇದೆಯೇ’ ಅಂತ. ಉತ್ತರ ಬಂದದ್ದು ಅಷ್ಟಕ್ಕೇ.

ತಿರುವು

ಅವರು ಶಿವಮೊಗ್ಗದಲ್ಲಿ ನಮ್ಮಲ್ಲಿಗೆ ಬಂದದ್ದು ಫೆಬ್ರವರಿಯಲ್ಲಿ. ಫೈಲು ದಪ್ಪಗಿತ್ತು. ಎಲ್ಲ ವರದಿಗಳೂ ಸರಿ ಇದ್ದ ಫೈಲು. ಒಳಗೆ ಕರೆಯುವ ಮೊದಲು ಎಂದಿನಂತೆ ಇ.ಸಿ.ಜಿ. ಮಾಡಲು ಹೇಳಿದ್ದೆವು. ಐದು ನಿಮಿಷದಲ್ಲಿ ಇ.ಸಿ.ಜಿ. ಮಾಡುವ ಸಿಸ್ಟರ್ ಬಾಗಿಲಿಗೆ ಬಂದರು. ‘ಸರ್, ಗ್ರಾಫ್ ಆಮೇಲೆ ನೋಡಿ. ಒಂದ್ಸಲ ಬಂದು ಇವರ ಎದೆ ನೋಡಿ’ ಅಂದರು.

ರವಿಕೆ ತೆಗೆದು ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು. ಪೇಸ್‌ಮೇಕರ್ ಗಾಯದ ಗುರುತಿನಿಂದ ಶುರುವಾಗಿ ಎದೆಯ ಮುಂಭಾಗದ ಉದ್ದಕ್ಕೂ ಹೊಟ್ಟೆಯವರೆಗೆ ನೀಲಿ ನರಗಳು ಉಬ್ಬಿ ಹರಡಿದ್ದವು. ಕೆಲವು ಪೆನ್ಸಿಲ್ಲಿನಷ್ಟು ದಪ್ಪ. ಕುತ್ತಿಗೆಯ ನರಗಳು ತುಂಬಿ ನಿಂತಿದ್ದವು, ಎದ್ದು ಕೂತರೂ ಇಳಿಯಲಿಲ್ಲ. ಎದೆಯ ಒಂದು ನರದ ಮೇಲೆ ಎರಡು ಬೆರಳು ಜೋಡಿಸಿ ಒತ್ತಿ, ಬೆರಳುಗಳನ್ನು ದೂರ ಸರಿಸಿ, ನಡುವಿನ ರಕ್ತ ಖಾಲಿ ಮಾಡಿದೆವು. ಕೆಳಗಿನ ಬೆರಳು ಎತ್ತಿದರೆ ನರ ಖಾಲಿಯಾಗಿಯೇ ಉಳಿಯಿತು. ಮೇಲಿನ ಬೆರಳು ಎತ್ತಿದ ಕೂಡಲೇ ತುಂಬಿತು. ಅಂದರೆ ರಕ್ತ ಮೇಲಿನಿಂದ ಕೆಳಕ್ಕೆ ಹರಿಯುತ್ತಿದೆ. ಎರಡೂ ಕೈ ಮೇಲೆತ್ತಿ ಒಂದು ನಿಮಿಷ ಹಿಡಿಯಲು ಹೇಳಿದಾಗ ಮುಖ ಕೆಂಪಾಗಿ ಉಬ್ಬಿತು. ಎಡ ತೋಳಿನ ಸುತ್ತಳತೆ ಬಲಕ್ಕಿಂತ 4 ಸೆಂ.ಮೀ. ಹೆಚ್ಚಿತ್ತು.

ತಲೆ, ಕುತ್ತಿಗೆ, ಎರಡೂ ಕೈಗಳ ರಕ್ತ ಹೃದಯಕ್ಕೆ ವಾಪಸ್ ಬರುವುದು ಒಂದೇ ದೊಡ್ಡ ನಾಳದ ಮೂಲಕ. ಸುಪೀರಿಯರ್ ವೀನಾ ಕೇವಾ, ಚಿಕ್ಕದಾಗಿ ಎಸ್.ವಿ.ಸಿ. ಪೇಸ್‌ಮೇಕರ್ ತಂತಿಗಳು ಹಾದುಹೋಗುವುದೂ ಅದರಲ್ಲೇ. ಅದು ಮುಚ್ಚಿದರೆ ರಕ್ತ ಸುತ್ತುದಾರಿ ಹುಡುಕುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿದು ಆಗುಂಬೆ ಘಾಟಿ ಬಂದ್ ಆದರೆ ವಾಹನಗಳು ಹುಲಿಕಲ್ ಕಡೆ ತಿರುಗುತ್ತವಲ್ಲ, ಹಾಗೆಯೇ ಎದೆಯ ಚರ್ಮದ ಕೆಳಗಿನ ಸಣ್ಣ ನರಗಳು ಆ ಭಾರ ಹೊರುತ್ತವೆ.

ಇಷ್ಟು ತಿಂಗಳು ಇದು ಯಾರಿಗೂ ಕಾಣಲಿಲ್ಲವೇ? ಅವರ ಮನೆಯವರಿಗೆ ಸ್ವಲ್ಪ ಕಂಡಿತ್ತು, ವಯಸ್ಸಿಗೆ ಹೀಗಾಗುತ್ತದೆ ಅಂದುಕೊಂಡಿದ್ದರು. ವೈದ್ಯರಿಗೆ ಕಂಡಿರಲಿಲ್ಲ. ಅವರನ್ನು ಪರೀಕ್ಷಿಸಿದವರೆಲ್ಲ ಸ್ಟೆತಸ್ಕೋಪನ್ನು ರವಿಕೆಯ ಮೇಲೆಯೇ ಇಟ್ಟಿದ್ದರು. ನಮ್ಮ ಓಪಿಡಿಗಳಲ್ಲಿ ಪರದೆ ಇಲ್ಲ, ಹೆಣ್ಣುಮಕ್ಕಳಿಗೆ ಸಂಕೋಚ, ಹೊರಗೆ ಉದ್ದ ಸಾಲು. ಕಾರಣ ಎಲ್ಲರಿಗೂ ಗೊತ್ತಿದೆ. ಆದರೂ ಪೇಸ್‌ಮೇಕರ್ ಇರುವ ಹೆಂಗಸಿನ ಎದೆಯ ಮೇಲ್ಭಾಗ ನೋಡದೆ ಪರೀಕ್ಷೆ ಮುಗಿಯಿತು ಅನ್ನಬಾರದು. ಜೊತೆಗೆ ಒಬ್ಬ ಸಿಸ್ಟರ್, ಒಂದು ಪರದೆ, ಎರಡು ನಿಮಿಷ ಇದ್ದರೆ ಸಾಕು.

ಖಚಿತಪಡಿಸಿಕೊಂಡದ್ದು

ಎಸ್.ವಿ.ಸಿ. ಮುಚ್ಚುವ ತೊಂದರೆಯನ್ನು ಮೊದಲು ವಿವರಿಸಿದ್ದು ಬ್ರಿಟನ್ನಿನ ವೈದ್ಯ ವಿಲಿಯಂ ಹಂಟರ್, 1757ರಲ್ಲಿ. ಅವತ್ತಿನ ಕಾರಣ ಸಿಫಿಲಿಸ್‌ನಿಂದ ಉಬ್ಬಿದ ಮಹಾಧಮನಿ. ಇವತ್ತು ಹೆಚ್ಚಿನವರಲ್ಲಿ ಕಾರಣ ಕ್ಯಾನ್ಸರ್, ಮುಖ್ಯವಾಗಿ ಶ್ವಾಸಕೋಶದ್ದು ಮತ್ತು ಲಿಂಫೋಮಾ ಅನ್ನುವ ದುಗ್ಧಗ್ರಂಥಿಗಳ ಕ್ಯಾನ್ಸರ್. ಹಾಗಾಗಿ ಪೇಸ್‌ಮೇಕರ್ ಇದೆ ಅಂದಮಾತ್ರಕ್ಕೆ ಅದರ ಮೇಲೆ ಹಾಕಿ ಸುಮ್ಮನಾಗುವ ಹಾಗಿಲ್ಲ. ಕ್ಷಯದ ಗಡ್ಡೆಗಳು ಒತ್ತಿದರೂ ಹೀಗಾಗಬಹುದು.

ಎಂ.ಆರ್.ಐ. ಯೋಚನೆ ಬಿಟ್ಟೆವು. ಎದೆಯ ಎಕ್ಸ್‌ರೇಯಲ್ಲಿ ತಂತಿಗಳನ್ನು ಎಣಿಸಿದಾಗ ಮೂರು ಕಂಡವು. ಒಂದರ ತುದಿ ಯಂತ್ರಕ್ಕೆ ಸೇರಿರಲಿಲ್ಲ. ಹೀಗೆ ಬಿಟ್ಟ ಲೀಡ್ ಇದ್ದರೆ ಸಾಮಾನ್ಯವಾಗಿ ಎಂ.ಆರ್.ಐ. ಮಾಡುವುದಿಲ್ಲ. ಮೂರನೇ ತಂತಿಯ ವಿಷಯ ಮನೆಯವರಿಗೂ ನಮಗೂ ಗೊತ್ತಾದದ್ದು ಅವತ್ತೇ. ಸಿ.ಟಿ. ವೆನೋಗ್ರಾಮ್ ಮಾಡಿಸಿದೆವು, ಅಂದರೆ ರಕ್ತನಾಳ ಎದ್ದು ಕಾಣುವ ಔಷಧಿ ಕೊಟ್ಟು ತೆಗೆಯುವ ಸ್ಕ್ಯಾನ್. ಎರಡೂ ಕೈಗಳಿಂದ ಒಟ್ಟಿಗೆ ಆ ಔಷಧಿ ಕೊಟ್ಟು, ಸ್ವಲ್ಪ ತಡೆದು ಚಿತ್ರ ತೆಗೆಯಬೇಕು ಅಂತ ಮೊದಲೇ ರೇಡಿಯಾಲಜಿಯವರ ಹತ್ತಿರ ಮಾತಾಡಿದ್ದೆವು. ಇಲ್ಲದಿದ್ದರೆ ಔಷಧಿ ಬೆರೆಯದ ರಕ್ತವೇ ಹೆಪ್ಪಿನ ಹಾಗೆ ಕಂಡು ಮೋಸವಾಗುತ್ತದೆ. ಲೋಹದ ತಂತಿಗಳಿಂದ ಚಿತ್ರದಲ್ಲಿ ಗೆರೆಗಳೂ ಬೀಳುತ್ತವೆ.

ಎಡಗಡೆಯಿಂದ ಬರುವ ದೊಡ್ಡ ನಾಳ ಪೂರ್ತಿ ಮುಚ್ಚಿತ್ತು. ಅದು ಬಲಗಡೆಯದನ್ನು ಸೇರಿ ಎಸ್.ವಿ.ಸಿ. ಆಗುವ ಜಾಗದಲ್ಲಿ ಮೂರು ತಂತಿಗಳ ಸುತ್ತ ಹೆಪ್ಪು, ಅದರ ಕೆಳಗೆ ನಾಳ ಕಿರಿದಾಗಿತ್ತು. ಬಲಗಡೆಯಿಂದ ಒಂದು ಎಳೆಯಷ್ಟು ದಾರಿ ಉಳಿದಿತ್ತು. ಗಡ್ಡೆ ಇಲ್ಲ, ಊದಿದ ಗ್ರಂಥಿಗಳಿಲ್ಲ. ಸೋಂಕು ಇರಬಹುದೇ ಅಂತ ರಕ್ತದ ಕಲ್ಚರ್ ಮಾಡಿಸಿದೆವು, ಅನ್ನನಾಳದ ಮೂಲಕ ಎಕೋ ಮಾಡಿಸಿದೆವು. ಎರಡೂ ಸರಿ ಇತ್ತು. ಇದು ಬಹಳ ಮುಖ್ಯ. ಲೀಡ್‌ಗೆ ಸೋಂಕು ತಗುಲಿದ್ದರೆ ಯೋಚಿಸಲು ಏನೂ ಇರಲಿಲ್ಲ, ಯಂತ್ರ ಮತ್ತು ತಂತಿ ಎಲ್ಲವನ್ನೂ ತೆಗೆಯಲೇಬೇಕಿತ್ತು.

ತಂತಿ ರಕ್ತನಾಳದ ಒಳಪದರಕ್ಕೆ ಸದಾ ಉಜ್ಜುತ್ತದೆ. ಅಲ್ಲಿ ಗಾಯ, ಕಲೆ, ಕಿರಿದಾಗುವಿಕೆ, ಮೇಲೆ ಹೆಪ್ಪು. ಪೇಸ್‌ಮೇಕರ್ ಇರುವವರಿಗೆ ವೆನೋಗ್ರಾಮ್ ಮಾಡಿ ನೋಡಿದರೆ ಸ್ವಲ್ಪ ಮಟ್ಟಿಗೆ ನಾಳ ಕಿರಿದಾಗಿರುವುದು ಬಹಳ ಜನರಲ್ಲಿ ಕಾಣುತ್ತದೆ. ನಿಧಾನವಾಗಿ ಆಗುವುದರಿಂದ ಸುತ್ತುದಾರಿ ಬೆಳೆದು ಅವರಿಗೆ ಏನೂ ಅನ್ನಿಸುವುದಿಲ್ಲ. ಎಸ್.ವಿ.ಸಿ.ಯೇ ಕಟ್ಟಿ ಹೀಗೆ ಮುಖ ಊದುವುದು ಶೇಕಡಾ ಒಂದಕ್ಕಿಂತ ಬಹಳ ಕಡಿಮೆ. ಮೊದಲು ತಾತ್ಕಾಲಿಕ ತಂತಿ ಹಾಕಿದ್ದವರಲ್ಲಿ, ತಂತಿಗಳು ಜಾಸ್ತಿ ಇರುವವರಲ್ಲಿ, ಕೆಲಸಕ್ಕೆ ಬಾರದ ತಂತಿ ಒಳಗೆ ಬಿಟ್ಟವರಲ್ಲಿ ಅಪಾಯ ಹೆಚ್ಚು. ಇವರಿಗೆ ಮೂರೂ ಇತ್ತು.

ನಿರ್ಧಾರಗಳು

ಅಂದೇ ರಕ್ತ ತೆಳು ಮಾಡುವ ಇಂಜೆಕ್ಷನ್ ಶುರುಮಾಡಿದೆವು. ತಲೆಯ ಕಡೆ ಎತ್ತರ ಮಾಡಿ ಮಲಗಿಸಿದೆವು. ನೀರು ಹೋಗುವ ಮಾತ್ರೆ, ನೋವಿನ ಮಾತ್ರೆ ಎರಡನ್ನೂ ನಿಲ್ಲಿಸಿದೆವು. ಡ್ರಿಪ್ ಕೈಗೆ ಹಾಕಬಾರದು ಅಂತ ಕೇಸ್ ಶೀಟಿನ ಮೇಲೆ ದಪ್ಪಕ್ಷರದಲ್ಲಿ ಬರೆದೆವು. ಉಸಿರುಗಟ್ಟುವುದು, ಗೊರಗೊರ ಸದ್ದು, ಮಾತಿನಲ್ಲಿ ಗೊಂದಲ, ವಿಪರೀತ ನಿದ್ದೆ ಇವುಗಳಲ್ಲಿ ಯಾವುದೊಂದು ಬಂದರೂ ಅದು ತುರ್ತು. ಅವು ಇರಲಿಲ್ಲ. ಹಾಗಾಗಿ ಯೋಚಿಸಲು ಸಮಯ ಇತ್ತು.

ಚಿತ್ರಗಳನ್ನು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ನಂತರ ಅವರೂ ಹೋಗಿ ಬಂದರು. ಸುಮಾರು 300 ಕಿ.ಮೀ. ದಾರಿ. ಅಲ್ಲಿ ಹೃದ್ರೋಗ ತಜ್ಞರು, ರಕ್ತನಾಳದ ತಜ್ಞರು, ಹೃದಯ ಶಸ್ತ್ರಚಿಕಿತ್ಸಕರು ಕೂತು ಚರ್ಚಿಸಿದರು. ಎಲ್ಲರ ಅಭಿಪ್ರಾಯ ಒಂದೇ ಇರಲಿಲ್ಲ. ಹೆಪ್ಪು ಕರಗಿಸುವ ಔಷಧಿಯನ್ನು ನೇರ ನಾಳಕ್ಕೆ ಬಿಡುವುದನ್ನು ಬೇಗ ಕೈಬಿಟ್ಟರು. ಹೆಪ್ಪು ಹೊಸದಾಗಿದ್ದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಇದು ತಿಂಗಳುಗಳ ಹಳೆಯದು. ಸ್ಟೆಂಟ್, ಅಂದರೆ ನಾಳವನ್ನು ತೆರೆದಿಡುವ ಜಾಲರಿ ಕೊಳವೆ ಹಾಕಿದರೆ ತಕ್ಷಣ ಆರಾಮ ಸಿಗಬಹುದು. ಆದರೆ ತಂತಿಗಳು ಸ್ಟೆಂಟ್ ಮತ್ತು ನಾಳದ ಗೋಡೆಯ ನಡುವೆ ಸಿಕ್ಕಿಬೀಳುತ್ತವೆ. ನಾಳೆ ಸೋಂಕು ಬಂದರೆ ತೆಗೆಯುವುದು ತೀರಾ ಕಷ್ಟ. ಅದಕ್ಕೇ ಅಮೆರಿಕದ ಹಾರ್ಟ್ ರಿದಮ್ ಸೊಸೈಟಿಯ 2017ರ ಮಾರ್ಗಸೂಚಿ, ತಂತಿ ಇರುವ ನಾಳಕ್ಕೆ ಸ್ಟೆಂಟ್ ಹಾಕುವುದಾದರೆ ಮೊದಲು ತಂತಿ ತೆಗೆಯಿರಿ ಅನ್ನುತ್ತದೆ. ಹಾಗಾದರೆ ಮೂರನ್ನೂ ತೆಗೆಯಬೇಕು. ಇವರ ಹೃದಯ ಪೂರ್ತಿ ಪೇಸ್‌ಮೇಕರ್ ಮೇಲೆಯೇ ನಿಂತಿದೆ. ಯಂತ್ರದ ವೇಗ ಇಳಿಸಿ ನೋಡಿದಾಗ ಸ್ವಂತ ಬಡಿತ ಕಾಣಲೇ ಇಲ್ಲ. ತೆಗೆಯುವಾಗ ಕಾಲಿನ ಕಡೆಯಿಂದ ತಾತ್ಕಾಲಿಕ ತಂತಿ ಬೇಕು. ಆಮೇಲೆ ಕಾಲಿನ ನಾಳದಿಂದಲೇ ಏರಿಸುವ ತಂತಿ ಇಲ್ಲದ ಪೇಸ್‌ಮೇಕರ್ ಹಾಕಬಹುದು. ಅದರ ಬೆಲೆ ಈ ಕುಟುಂಬಕ್ಕೆ ನಿಲುಕುವಂಥದ್ದಲ್ಲ.

ಎಲ್ಲ ಕೇಳಿಸಿಕೊಂಡ ಗಂಡ ಒಂದೇ ಪ್ರಶ್ನೆ ಕೇಳಿದರು. ‘ಈಗ ಮಾತ್ರೆಯಲ್ಲೇ ಇಟ್ಕೊಂಡ್ರೆ ಏನಾಗುತ್ತೆ ಸಾರ್?’ ನನ್ನ ಪ್ರಕಾರ ಇಡೀ ಚರ್ಚೆಯಲ್ಲಿ ಅತಿ ಮುಖ್ಯ ಪ್ರಶ್ನೆ ಅದು. ಎಲ್ಲರೂ ಏನು ಮಾಡಬಹುದು ಅಂತ ಮಾತಾಡುತ್ತಿದ್ದರು. ಏನೂ ಮಾಡದೆ ಕಾಯ್ದರೆ ಏನು ಅಂತ ಕೇಳಿದವರು ಅವರೊಬ್ಬರೇ. ಸೋಂಕಿಲ್ಲ, ತುರ್ತಿಲ್ಲ, ಬಲಗಡೆ ಸಣ್ಣ ದಾರಿ ಇದೆ, ಸುತ್ತುದಾರಿಗಳು ಬೆಳೆದಿವೆ. ಮೂರು ತಿಂಗಳು ರಕ್ತ ತೆಳು ಮಾಡುವ ಮಾತ್ರೆ ಕೊಟ್ಟು ನೋಡೋಣ ಅಂತ ತೀರ್ಮಾನವಾಯಿತು. ಜೊತೆಗೆ ಯಾವ ಲಕ್ಷಣ ಬಂದರೆ ಈ ತೀರ್ಮಾನ ಬದಲಿಸಬೇಕು ಅನ್ನುವುದನ್ನೂ ಕನ್ನಡದಲ್ಲಿ ಬರೆದುಕೊಟ್ಟೆವು.

ಯಾವ ಮಾತ್ರೆ ಅನ್ನುವುದಕ್ಕೂ ಸ್ವಲ್ಪ ಯೋಚಿಸಬೇಕಾಯಿತು. ರಕ್ತ ತೆಳು ಮಾಡುವ ಹಳೆಯ ಮಾತ್ರೆ ವಾರ್ಫರಿನ್ ಅಗ್ಗ. ಆದರೆ ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸುವ ಐ.ಎನ್.ಆರ್. ಅಳತೆ ಎರಡರಿಂದ ಮೂರರ ನಡುವೆ ಇರಬೇಕು, ಅದಕ್ಕೆ ಪದೇ ಪದೇ ರಕ್ತ ಪರೀಕ್ಷೆ. ಮಳೆಗಾಲದಲ್ಲಿ ಅವರ ಊರಿನಿಂದ ಬಸ್ಸು ಸಿಗುವುದೇ ಕಷ್ಟ. ಊಟದಲ್ಲಿ ಸೊಪ್ಪು ಹೆಚ್ಚುಕಡಿಮೆ ಆದರೂ ಅದರ ಪರಿಣಾಮ ಏರಿಳಿಯುತ್ತದೆ. ಮಲೆನಾಡಿನ ಮನೆಯಲ್ಲಿ ಒಂದೆಲಗದ ತಂಬುಳಿ ಒಂದು ವಾರ ದಿನಾ ಇರುತ್ತದೆ, ಇನ್ನೊಂದು ವಾರ ಇರುವುದಿಲ್ಲ. ಹೊಸ ಬಗೆಯ ಮಾತ್ರೆಗಳ ಬೆಲೆ ಈಗ ಇಳಿದಿದೆ, ಆ ಥರದ ಪರೀಕ್ಷೆ ಬೇಡ. ಕಿಡ್ನಿ ಸರಿ ಇದ್ದದ್ದರಿಂದ ಅದನ್ನೇ ಆರಿಸಿಕೊಂಡೆವು.

ಆಮೇಲೆ ಆದದ್ದು

ಎರಡು ವಾರಕ್ಕೆ ಬೆಳಗಿನ ಮುಖದ ಊತ ಇಳಿಯಿತು. ಮೂರು ತಿಂಗಳಿಗೆ ತೋಳಿನ ವ್ಯತ್ಯಾಸ ಒಂದೂವರೆ ಸೆಂ.ಮೀ.ಗೆ ಬಂತು. ಮತ್ತೆ ಸಿ.ಟಿ. ಮಾಡಿದಾಗ ಹೆಪ್ಪು ಹೆಚ್ಚುಕಡಿಮೆ ಹೋಗಿತ್ತು, ಕಿರಿದಾದ ಜಾಗ ಹಾಗೇ ಇತ್ತು. ಬಗ್ಗಿದರೆ ಸ್ವಲ್ಪ ತಲೆಭಾರ ಉಳಿದಿತ್ತು. ನೆಲದ ಮೇಲೆ ಬಗ್ಗಿ ಕೂರುವ ಬದಲು ಬೆನ್ನು ನೆಟ್ಟಗಿಟ್ಟು ಎತ್ತರದಲ್ಲಿ ಕೂತು ಕೆಲಸ ಮಾಡುವುದನ್ನು ಅವರೇ ರೂಢಿ ಮಾಡಿಕೊಂಡರು. ಇಷ್ಟಕ್ಕೇ ನಿಲ್ಲಿಸೋಣ, ಮಾತ್ರೆ ಮುಂದುವರಿಸೋಣ ಅಂತ ಎಲ್ಲರೂ ಒಪ್ಪಿದೆವು.

ಆರನೇ ತಿಂಗಳಲ್ಲಿ ಹಲ್ಲು ಕೀಳಿಸಬೇಕಾಯಿತು. ರಕ್ತ ನಿಲ್ಲುವುದಿಲ್ಲ, ಮಾತ್ರೆ ನಿಲ್ಲಿಸಿ ಬನ್ನಿ ಅಂತ ಒಬ್ಬರು ಹೇಳಿದ್ದರು. ನಿಲ್ಲಿಸಿದರು. ಯಾವಾಗ ಮತ್ತೆ ಶುರುಮಾಡಬೇಕು ಅಂತ ಯಾರೂ ಹೇಳಲಿಲ್ಲ. ಹಲ್ಲು ಕಿತ್ತಾಯಿತು, ಗಾಯ ಮಾಯಿತು, ಮಾತ್ರೆ ಡಬ್ಬಿಯಲ್ಲೇ ಉಳಿಯಿತು. ಮೂರು ವಾರಕ್ಕೆ ಮುಖ ಮತ್ತೆ ಊದಿತು, ಈ ಸಲ ಧ್ವನಿಯೂ ಒಡೆದಿತ್ತು. ಬರೆದುಕೊಟ್ಟ ಚೀಟಿ ಮಗಳಿಗೆ ನೆನಪಿತ್ತು. ಅದನ್ನು ಹಿಡಿದುಕೊಂಡು ಅದೇ ದಿನ ಕರೆತಂದರು. ಮೊದಲ ಸಲ ನಾಲ್ಕು ತಿಂಗಳು ಹಿಡಿದದ್ದು ಈ ಸಲ ಒಂದೇ ದಿನದಲ್ಲಿ ಗೊತ್ತಾಯಿತು.

ಇಂಜೆಕ್ಷನ್ ಮತ್ತೆ ಶುರುವಾಯಿತು, ಆದರೆ ಮೊದಲಿನಷ್ಟು ಇಳಿಯಲಿಲ್ಲ. ಬೆಂಗಳೂರಿನಲ್ಲಿ ಬಲೂನಿನಿಂದ ನಾಳ ಹಿಗ್ಗಿಸಲು ತೀರ್ಮಾನಿಸಿದರು. ಸ್ಟೆಂಟ್ ಹಾಕಲಿಲ್ಲ, ತಂತಿಗಳನ್ನು ಮುಟ್ಟಲಿಲ್ಲ. ಬಲೂನು ಒತ್ತುವಾಗ ತಂತಿಗೆ ಪೆಟ್ಟಾದರೆ ಹೃದಯ ನಿಲ್ಲಬಹುದು ಅಂತ ತೊಡೆಯ ಕಡೆಯಿಂದ ತಾತ್ಕಾಲಿಕ ತಂತಿ ಇಟ್ಟುಕೊಂಡೇ ಮಾಡಿದರು. ಮುಗಿದ ಮೇಲೆ ಪೇಸ್‌ಮೇಕರ್ ತಪಾಸಣೆ ಮಾಡಿ ಲೀಡ್‌ಗಳು ಸರಿ ಇವೆ ಅಂತ ಖಚಿತ ಮಾಡಿಕೊಂಡರು. ಮರುದಿನವೇ ಮುಖ ಇಳಿದಿತ್ತು. ಬಲೂನು ಮಾತ್ರ ಮಾಡಿದರೆ ನಾಳ ಮತ್ತೆ ಕಿರಿದಾಗುವ ಸಾಧ್ಯತೆ ಇದೆ, ಇನ್ನೊಮ್ಮೆ ಮಾಡಬೇಕಾಗಬಹುದು ಅಂತಲೂ ಹೇಳಿದ್ದಾರೆ. ಅದಾಗಿ ಒಂದು ವರ್ಷ ದಾಟಿದೆ. ಒಂದೇ ದಿಂಬಿನಲ್ಲಿ ಮಲಗುತ್ತಾರೆ. ಎದೆಯ ನೀಲಿ ನರಗಳು ಇನ್ನೂ ಕಾಣುತ್ತವೆ, ಮೊದಲಿನಷ್ಟು ಅಲ್ಲ. ಮಾತ್ರೆ ಜೀವನಪೂರ್ತಿ.

ಈಗ ನಾವು ಬೇರೆಯಾಗಿ ಮಾಡುತ್ತಿರುವುದು

ಪೇಸ್‌ಮೇಕರ್ ಇರುವವರು ಕೈ ಊದಿದೆ ಅಂತ ಬಂದರೆ ಎರಡೂ ತೋಳುಗಳನ್ನು ಟೇಪಿನಿಂದ ಅಳೆಯುತ್ತೇವೆ. ಎದೆ, ಕುತ್ತಿಗೆ ತೆರೆದು ನೋಡುತ್ತೇವೆ. ಎಕ್ಸ್‌ರೇಯಲ್ಲಿ ತಂತಿ ಎಣಿಸಿ ಕಾರ್ಡಿನ ಜೊತೆ ತಾಳೆ ಹಾಕುತ್ತೇವೆ. ಡಾಪ್ಲರ್‌ಗೆ ಬರೆಯುವಾಗ ‘ಕಾಲರ್ ಮೂಳೆಯ ಕೆಳಗಿನ ನಾಳದ ಅಲೆ ಎರಡೂ ಬದಿ ಹೋಲಿಸಿ’ ಎಂದು ಸೇರಿಸುತ್ತೇವೆ. ಅದು ಸರಿ ಅಂತ ಬಂದರೂ ಅನುಮಾನ ಹೋಗದಿದ್ದರೆ ಸಿ.ಟಿ. ಮಾಡಿಸುತ್ತೇವೆ.

ಎಲ್ಲ ಕೈ ಊತವೂ ಇದೇ ಅಲ್ಲ. ಹೊಸದಾಗಿ ಹಾಕಿದವರಲ್ಲಿ ಗಾಯದ ಜಾಗದಲ್ಲಿ ರಕ್ತ ತುಂಬಿಕೊಂಡು ಊದುವುದು ಇದಕ್ಕಿಂತ ಎಷ್ಟೋ ಸಾಮಾನ್ಯ. ಅಂಥ ಊತಕ್ಕೆ ಸೂಜಿ ಚುಚ್ಚಿ ರಕ್ತ ತೆಗೆಯಲು ಹೋಗಬಾರದು, ಸೋಂಕು ಒಳಗೆ ಹೋಗುತ್ತದೆ. ಊತ ನಾಡಿಯ ಜೊತೆ ಮಿಡಿಯುತ್ತಿದ್ದರೆ, ಸ್ಟೆತಸ್ಕೋಪ್ ಇಟ್ಟಾಗ ಸುಯ್ ಅನ್ನುವ ಸದ್ದು ಕೇಳಿದರೆ ಪಕ್ಕದ ಅಪಧಮನಿಗೆ ಪೆಟ್ಟಾಗಿರಬಹುದು. ಅದನ್ನು ಕೂಡಲೇ ದೊಡ್ಡ ಆಸ್ಪತ್ರೆಗೆ ಕಳಿಸಬೇಕು.

ಮನೆಯವರಿಗೆ ಹೇಳುವುದು ಇಷ್ಟು. ಪೇಸ್‌ಮೇಕರ್ ಇರುವ ಕಡೆಯ ಕೈ ಊದಿದರೆ ತಿಕ್ಕಬೇಡಿ, ತೋರಿಸಿ. ಮುಖ ಊದಿ ಕಾಲು ಊದದಿದ್ದರೆ ಆ ಮಾತನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಿ ಅಂತ ಯಾರಾದರೂ ಹೇಳಿದರೆ, ಮತ್ತೆ ಶುರುಮಾಡುವ ತಾರೀಕನ್ನು ಅದೇ ಚೀಟಿಯಲ್ಲಿ ಬರೆಸಿಕೊಂಡು ಬನ್ನಿ. ಈಗ ಹಲ್ಲಿನ ವೈದ್ಯರಿಗೆ ನಾವೇ ಫೋನ್ ಮಾಡುತ್ತೇವೆ. ಒಂದು ಹಲ್ಲು ಕೀಳಲು ಎಷ್ಟೋ ಸಲ ಮಾತ್ರೆ ನಿಲ್ಲಿಸಬೇಕಾಗಿಯೇ ಇರುವುದಿಲ್ಲ.

ಈ ರೋಗಿಯ ಹೊಸ ಕಾರ್ಡಿನಲ್ಲಿ ಮೂರು ಲೀಡ್‌ಗಳ ವಿವರವೂ ಇದೆ, ಬಿಟ್ಟ ಲೀಡ್ ಯಾವುದು ಅಂತಲೂ ಇದೆ. ಅದರ ಕೆಳಗೆ ಮುಂದಿನ ಸಲಕ್ಕೆ ಎರಡು ಸಾಲು ಬರೆದಿದ್ದೇವೆ. ಬ್ಯಾಟರಿ ಮುಗಿದಾಗ ಮೊದಲು ವೆನೋಗ್ರಾಮ್ ಮಾಡಿ. ಲೀಡ್ ಕೆಟ್ಟರೆ ಈ ದಾರಿಯಲ್ಲಿ ನಾಲ್ಕನೆಯದನ್ನು ಸೇರಿಸಬೇಡಿ.